ಬೆಳೆ ಪರಿಹಾರದ ದುಡ್ಡು ಅಕೌಂಟಿಗೆ ಬರ್ಬೇಕಂದ್ರೆ ಮೊದಲೇ ಇಷ್ಟು ನೋಡ್ಕೊಳಿ

ನಮ್ ಮಧುಗಿರಿ, ಶಿರಾ, ಪಾವಗಡ ಕಡೆ ಮಳೆ ಕೈ ಕೊಡೋದೇನ್ ಹೊಸದಲ್ಲ, ಪರಿಹಾರ ಬಿಟ್ಟಾಗೆಲ್ಲ ಟೀ ಅಂಗಡಿಲಿ ಒಂದೇ ಮಾತು, ಪಕ್ಕದ ಹೊಲದವ್ರಿಗೆ ಬಂತು ನಮಗೆ ಬರ್ಲಿಲ್ಲ ಅಂತ. ಈಗ ಲಿಸ್ಟ್ ಯಾರೂ ಕೈಯಲ್ಲಿ ಬರೆಯಲ್ಲ ಕಣ್ರೀ. ಫ್ರೂಟ್ಸ್ (ರೈತರ ಹೆಸರು, ಜಮೀನು ಸೇರಿಸೋ ಸರ್ಕಾರಿ ಪೋರ್ಟಲ್), ಬೆಳೆ ಸಮೀಕ್ಷೆ (ಯಾವ ಹೊಲದಲ್ಲಿ ಏನ್ ಬೆಳೆ ಅಂತ ದಾಖಲು ಮಾಡೋದು), ಆಧಾರ್ ಮೂರೂ ಒಂದಕ್ಕೊಂದು ತಾಳೆ ಆದ್ರೆ ದುಡ್ಡು ಬರ್ತದೆ, ಒಂದು ತಪ್ಪಿದ್ರೂ ನಿಂತೋಗ್ತದೆ. ಹಾಗಾಗಿ ಬಿತ್ತನೆ ಟೈಮಲ್ಲೇ ನೋಡ್ಕೊಬೇಕು, ಬೆಳೆ ಒಣಗಿದ್ಮೇಲೆ ಆಫೀಸಿಗೆ ಅಲೆದು ಏನೂ ಗಿಟ್ಟಲ್ಲ.

ಮೊದಲು ಎಫ್‌ಐಡಿ, ಅಂದ್ರೆ ಫ್ರೂಟ್ಸಲ್ಲಿ ಕೊಡೋ ರೈತರ ನಂಬರ್. ಪಿಎಂ ಕಿಸಾನ್ 6,000 ಬರ್ತೈತಲ್ಲ, ನನ್ ಎಫ್‌ಐಡಿ ಸರಿಯಾಗೇ ಐತೆ ಅಂತ ಸುಮ್ನಾಗ್ಬೇಡಿ. ಆ ದುಡ್ಡಿಗೆ ಎಷ್ಟು ಎಕರೆ ಅನ್ನೋ ಲೆಕ್ಕ ಇಲ್ಲ, ಪರಿಹಾರಕ್ಕೆ ಐತೆ. ಒಂದೇ ಸರ್ವೆ ನಂಬರ್ ಸೇರಿಸಿ ಬಿಟ್ಟಿರೋರು ಬೇಕಾದಷ್ಟು ಜನ. ಆಧಾರ್, ಪಾಸ್‌ಬುಕ್, ಎಲ್ಲಾ ಪಹಣಿ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಪೂರ್ತಿ ಸೇರಿಸಿ. ಜಮೀನು ಇನ್ನೂ ತೀರ್ಕೊಂಡಿರೋ ತಾತನ ಹೆಸರಲ್ಲೇ ಇದ್ರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ) ಮಾಡಿಸ್ಕೊಳಿ, ಅಣ್ಣತಮ್ಮಂದಿರ ಜಗಳ ಆಮೇಲೆ.

ಜಾಸ್ತಿ ಜನ ಎಡವೋದು ಬೆಳೆ ಸಮೀಕ್ಷೆಲಿ. ನಮ್ ಚಿಕ್ಕಪ್ಪ ಒಂದೂವರೆ ಎಕರೆ ರಾಗಿ ಹಾಕಿ ಮಧ್ಯೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ ಬಿಟ್ಟಿದ್ರು, ಮೊಬೈಲಲ್ಲಿ ನೋಡಿದ್ರೆ ಅದೇ ಹೊಲ ಬೀಳು ಅಂತ ಐತೆ! ಫೋಟೋ ನೋಡ್ತೀವಿ, ಬದುವಿನ ಮೇಲೆ ನಿಂತು ತೆಗೆದಿರೋದು, ಕಾಣ್ತಿರೋದು ಬರೀ ಹುಲ್ಲು ಮತ್ತೆ ಪಕ್ಕದವ್ರ ಬೇಲಿ. ಹಿಂಗಾಗ್ಬಾರ್ದು ಅಂದ್ರೆ ರೈತರ ಬೆಳೆ ಸಮೀಕ್ಷೆ ಆ್ಯಪ್ ಹಾಕ್ಕೊಂಡು ನೀವೇ ಹೊಲದೊಳಗೆ ನಿಂತು ಫೋಟೋ ಹೊಡೀರಿ, ಬೇರೆಯವ್ರು ಬಂದು ಮಾಡಿದ್ರೆ ಜೊತೇಲಿ ನಿಂತು ಏನ್ ಹಾಕ್ತಾರೆ ನೋಡಿ. ಆಮೇಲೆ ಬೆಳೆ ದರ್ಶಕ ಆ್ಯಪಲ್ಲಿ ಚೆಕ್ ಮಾಡಿ, ತಪ್ಪಿದ್ರೆ ಅಲ್ಲೇ ಆಕ್ಷೇಪಣೆ ಹಾಕ್ಬೋದು, ಆದ್ರೆ ಟೈಮ್ ಒಳಗೆ ಹಾಕ್ಬೇಕು. ಖುಷ್ಕಿನೋ (ಮಳೆ ನಂಬ್ಕೊಂಡಿರೋದು) ನೀರಾವರಿನೋ ಅನ್ನೋದೂ ನೋಡಿ, ಯಾಕಂದ್ರೆ ಎಸ್‌ಡಿಆರ್‌ಎಫ್‌ನ (ರಾಜ್ಯದ ವಿಪತ್ತು ಪರಿಹಾರ ನಿಧಿ) 2022ರ ದರದಲ್ಲಿ ಖುಷ್ಕಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೆಂಗು ಅಡಿಕೆ ಥರ ಬಹುವಾರ್ಷಿಕಕ್ಕೆ 22,500. ಅದೂ ಎರಡು ಹೆಕ್ಟೇರ್ ತನಕ ಮಾತ್ರ, ಬೆಳೆ ನೂರಕ್ಕೆ 33 ಭಾಗನಾದ್ರೂ ಹೋಗಿರ್ಬೇಕು. ಚಿಕ್ಕಪ್ಪನ ಒಂದೂವರೆ ಎಕರೆ ಖುಷ್ಕಿಗೆ ಲೆಕ್ಕ ಹಾಕಿದ್ರೆ 5,100 ಚಿಲ್ಲರೆ, ಗೊಬ್ಬರದ ಸಾಲಕ್ಕೆ ಸರಿಹೋಗ್ತದೆ ಅಷ್ಟೇ.

ಇನ್ನು ಬ್ಯಾಂಕು. ಪಾಸ್‌ಬುಕ್ ಜೆರಾಕ್ಸ್ ಯಾವ್ದು ಕೊಟ್ರೂ ದುಡ್ಡು ಹೋಗೋದು ಆಧಾರ್‌ಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರೋ ಅಕೌಂಟಿಗೇನೇ, ಅಂದ್ರೆ ಸರ್ಕಾರದ ದುಡ್ಡು ಬರೋಕೆ ಆಧಾರ್ ಜೊತೆ ಜೋಡಿಸಿರೋ ಒಂದೇ ಅಕೌಂಟು. ಬ್ಯಾಂಕಿಗೆ ಆಧಾರ್ ಕೊಟ್ಟಿದೀನಿ ಅಂದ್ರೆ ಮ್ಯಾಪಿಂಗ್ ಆಯ್ತು ಅಂತಲ್ಲ, ಅದೇ ಬೇರೆ ಇದೇ ಬೇರೆ. ನಮ್ಮೂರಲ್ಲಿ ಒಬ್ರಿಗೆ ಎಂದೋ ಗ್ಯಾಸ್ ಸಬ್ಸಿಡಿಗೆ ಮಾಡ್ಸಿ ಮರೆತಿದ್ದ ಅಕೌಂಟಲ್ಲಿ ದುಡ್ಡು ಬಿದ್ದಿತ್ತು, ಅವ್ರು ಬಂದೇ ಇಲ್ಲ ಅಂತ ಆರು ತಿಂಗಳು ಬಯ್ಕೊಂಡ್ ಓಡಾಡಿದ್ರು. ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದ್ರೆ ಯಾವ ಬ್ಯಾಂಕು ಅಂತ ತೋರಿಸ್ತದೆ, ಆಧಾರ್‌ಗೆ ಕೊಟ್ಟಿರೋ ಮೊಬೈಲಿಗೆ ಓಟಿಪಿ ಬರ್ಬೇಕು ಅಷ್ಟೇ. ಪಹಣಿಲಿ ರಂಗಪ್ಪ, ಆಧಾರ್‌ನಲ್ಲಿ ರಂಗಸ್ವಾಮಿ ಅಂತಿದ್ರೆ ಅದನ್ನೂ ಈಗಲೇ ಸರಿ ಮಾಡಿಸ್ಕೊಳಿ.

ದುಡ್ಡು ಬಿಟ್ರು ಅಂತ ಸುದ್ದಿ ಬಂದಾಗ ಡಿಬಿಟಿ ಕರ್ನಾಟಕ (ಸರ್ಕಾರ ನೇರ ಅಕೌಂಟಿಗೆ ಹಾಕೋ ದುಡ್ಡು ತೋರ್ಸೋದು) ಆ್ಯಪಲ್ಲಿ ನೋಡಿ. ಬಂದಿಲ್ಲ ಅಂದ್ರೆ ಎಫ್‌ಐಡಿ ನಂಬರ್, ಸರ್ವೆ ನಂಬರ್ ಬರ್ಕೊಂಡು ಗ್ರಾಮ ಆಡಳಿತಾಧಿಕಾರಿ ಹತ್ರ ಹೋಗಿ, ಯಾವ ಕಾರಣಕ್ಕೆ ನಿಂತಿದೆ ಅಂತ ಕೇಳಿ, ಕಾರಣ ಗೊತ್ತಾಗ್ದೆ ಸುಮ್ನೆ ಅರ್ಜಿ ಮೇಲೆ ಅರ್ಜಿ ಕೊಡ್ಬೇಡಿ. ಇನ್ಶೂರೆನ್ಸ್ ಕಟ್ಟಿದ್ರೆ ಅದು ಬೇರೆ ಲೆಕ್ಕ, ಅದಕ್ಕೆ ಸಂರಕ್ಷಣೆ ಅನ್ನೋ ಬೆಳೆ ವಿಮೆ ಪೋರ್ಟಲ್ ನೋಡ್ಬೇಕು, ಆದ್ರೆ ಅಲ್ಲೂ ಇನ್ಶೂರೆನ್ಸಲ್ಲಿ ಕಡ್ಲೆಕಾಯಿ ಬರೆಸಿ ಸಮೀಕ್ಷೆಲಿ ರಾಗಿ ಬಂದಿದ್ರೆ ತಕರಾರು ಗ್ಯಾರಂಟಿ.