ಪುಕ್ಕ ಉದುರಿಸಿದ ಹೇಂಟೆಗಳು ಮತ್ತೆ ಮೊಟ್ಟೆಗೆ ಬಂದದ್ದು

2023ರ ದೀಪಾವಳಿ ಕಳೆದ ವಾರ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ನೆಲದ ತುಂಬ ಪುಕ್ಕ. ರಾತ್ರಿ ಮುಂಗುಸಿ ನುಗ್ಗಿರಬೇಕೆಂದು ಎದೆ ಧಸಕ್ಕೆಂದಿತು. ಎಣಿಸಿ ನೋಡಿದೆ, ಹದಿನಾಲ್ಕೂ ಇದ್ದವು. ಆದರೆ ಕೆಲವಕ್ಕೆ ಬಾಲವಿಲ್ಲ, ಕೆಲವಕ್ಕೆ ಕುತ್ತಿಗೆ ಬೋಳು. ದಿನಕ್ಕೆ ಎಂಟೊಂಬತ್ತು ಸಿಗುತ್ತಿದ್ದ ಮೊಟ್ಟೆ ಎರಡಕ್ಕಿಳಿದು, ಮೂರು ವಾರದೊಳಗೆ ಪೂರ್ತಿ ನಿಂತಿತು.

ನಮ್ಮದು ತಿಪಟೂರು ಸೀಮೆಯ ತೆಂಗಿನ ತೋಟ. ಹಿತ್ತಲಲ್ಲಿ ಸ್ವರ್ಣಧಾರಾ ಎಂಬ ಸುಧಾರಿತ ತಳಿಯವು ಹತ್ತು, ನಾಟಿ ನಾಲ್ಕು. 2022ರ ಮೇ ತಿಂಗಳಲ್ಲಿ ಮರಿಗಳಾಗಿ ತಂದಿದ್ದೆವು. ಅಂದರೆ ಆಗ ಅವಕ್ಕೆ ಒಂದೂವರೆ ವರ್ಷ. ಮೊದಲ ಸಲ ಪೂರ್ತಿ ಪುಕ್ಕ ಬದಲಿಸುವ ವಯಸ್ಸೇ ಅದು. ನನಗೆ ಅದು ಗೊತ್ತಿರಲಿಲ್ಲ. ಪಕ್ಕದ ಮನೆಯವರು ದೃಷ್ಟಿಯಾಗಿದೆ ಎಂದರು, ನಾನು ರೋಗವೆಂದುಕೊಂಡೆ.

ಆಗ ನಾನು ಮಾಡಿದ ತಪ್ಪನ್ನು ಮೊದಲು ಹೇಳಬೇಕು, ಏಕೆಂದರೆ ಹಿತ್ತಲಲ್ಲಿ ಕೋಳಿ ಸಾಕುವ ಬಹಳ ಜನ ಇದನ್ನೇ ಮಾಡುವುದನ್ನು ಕಂಡಿದ್ದೇನೆ. ಮೊಟ್ಟೆ ಇಳಿದ ಕೂಡಲೇ, ಇನ್ನು ಮೊಟ್ಟೆ ಕೋಳಿಗೆಂದು ಚೀಲದಲ್ಲಿ ಬರುವ ಲೇಯರ್ ಆಹಾರಕ್ಕೆ ಹಣ ಸುರಿಯುವುದೇಕೆಂದು ಅದನ್ನು ನಿಲ್ಲಿಸಿ ರಾಗಿ, ಅಕ್ಕಿನುಚ್ಚಿಗೆ ಇಳಿಸಿದೆ. ಮೂರು ವಾರ ಕಳೆದರೂ ಹೊಸ ಪುಕ್ಕ ಚಿಗುರಲಿಲ್ಲ. ಒಂದರ ಪುಕ್ಕವನ್ನು ಇನ್ನೊಂದು ಕಿತ್ತು ತಿನ್ನತೊಡಗಿತು. ಅದನ್ನು ಕಂಡು ನಮ್ಮತ್ತೆ, "ಪುಕ್ಕ ಬಿಡುವ ಕಾಲಕ್ಕೆ ಗೆದ್ದಲು ಹಾಕಬೇಕು ಕಣಮ್ಮಾ. ಬರೀ ಕಾಳು ಹಾಕಿದರೆ ಮೈ ಎಲ್ಲಿ ತುಂಬುತ್ತದೆ?" ಎಂದರು.

ಅವರ ಮಾತು ಎಷ್ಟು ಸರಿಯೆಂದು ಹೋಬಳಿಯ ಪಶು ಆಸ್ಪತ್ರೆಯ ವೈದ್ಯರು ವಿವರಿಸಿದ ಮೇಲೆ ತಿಳಿಯಿತು. ಪುಕ್ಕದಲ್ಲಿ ಶೇಕಡಾ 85ರಷ್ಟು ಪ್ರೋಟೀನೇ ಇರುತ್ತದೆ. ಮೈತುಂಬ ಹೊಸ ಪುಕ್ಕ ಹೊರಡಿಸುವಾಗ ಮೊಟ್ಟೆಗೆಂದು ಉಳಿಯುವುದು ಏನೂ ಇಲ್ಲ. ಹಗಲು ಕುಗ್ಗುತ್ತಿದ್ದಂತೆ ಕೋಳಿಯ ದೇಹ ತಾನಾಗಿಯೇ ಅಂಡಾಶಯವನ್ನೂ ಮೊಟ್ಟೆಯ ನಾಳವನ್ನೂ ಕುಗ್ಗಿಸಿಕೊಂಡು ವಿಶ್ರಾಂತಿಗೆ ಇಳಿಯುತ್ತದೆ. ಎರಡು ಮೂರು ತಿಂಗಳ ಈ ಬಿಡುವು ಸಹಜ. ಅದು ನಾಲ್ಕೈದು ತಿಂಗಳಿಗೆ ಎಳೆದರೆ ಆಹಾರ, ಬೆಳಕು, ಹೇನು, ಜಂತುಹುಳು, ವಯಸ್ಸು ಇವುಗಳಲ್ಲಿ ಕಾರಣ ಹುಡುಕಬೇಕು. ರಾಗಿಯಲ್ಲಿ ಪ್ರೋಟೀನ್ ಶೇಕಡಾ ಏಳರ ಆಸುಪಾಸು. ಹೆಚ್ಚು ಬೇಕಾದ ಹೊತ್ತಿನಲ್ಲೇ ನಾನು ಕಡಿಮೆ ಮಾಡಿದ್ದೆ.

ಡಿಸೆಂಬರ್ ಮೊದಲ ವಾರ ಲೇಯರ್ ಆಹಾರ ಮರಳಿ ತಂದೆ. ಜೊತೆಗೆ ಎಳ್ಳಿನ ಹಿಂಡಿ, ತೊಟ್ಟಿಯ ನೀರಿನಲ್ಲಿ ಬೆಳೆದ ಅಜೋಲಾ ಎಂಬ ಪುಟ್ಟ ಸಸ್ಯ, ನುಗ್ಗೆ ಸೊಪ್ಪು, ವಾರಕ್ಕೆ ಮೂರು ದಿನ ಒಣಮೀನಿನ ಪುಡಿ. ಉಪ್ಪು ಹಾಕಿ ಒಣಗಿಸಿದ ಮೀನು ಕೋಳಿಗೆ ಕೆಡುಕು. ಉಪ್ಪಿಲ್ಲದ್ದನ್ನೇ ಕೇಳಿ ತರಬೇಕು. ಕಡಲೆಕಾಯಿ ಹಿಂಡಿ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಬೂಸ್ಟು ಹಿಡಿದ ಹಿಂಡಿಯ ವಿಷ ಕೋಳಿಯ ಯಕೃತ್ತನ್ನು ಹಾಳುಮಾಡುವುದರಿಂದ ನಾನು ಅದನ್ನು ಮುಟ್ಟಲಿಲ್ಲ. ಅತ್ತೆ ತೋಟದ ಬದುವಿನಲ್ಲಿ ಸಗಣಿ ತುಂಬಿದ ಮಡಕೆ ಬೋರಲು ಹಾಕಿ ಗೆದ್ದಲು ಹಿಡಿದು ತರುತ್ತಿದ್ದರು. ಹೊಸ ಪುಕ್ಕ ನೀಲಿ ಕಡ್ಡಿಯ ಹಾಗೆ ಚರ್ಮದಿಂದ ಹೊರಡುತ್ತದೆ, ಅದರೊಳಗೆ ರಕ್ತವಿರುತ್ತದೆ. ಹಿಡಿದರೆ ನೋವಾಗುತ್ತದೆ. ಆದ್ದರಿಂದ ತೀರಾ ಅಗತ್ಯವಿಲ್ಲದೆ ಆ ದಿನಗಳಲ್ಲಿ ಯಾವುದನ್ನೂ ಎತ್ತಿಕೊಳ್ಳಲಿಲ್ಲ.

ಎತ್ತಿ ನೋಡಿದ್ದು ರಾತ್ರಿ ಹೊತ್ತು, ಟಾರ್ಚ್ ಹಿಡಿದು. ಕೋಳಿ ಕೂರುವ ಬಿದಿರಿನ ಸಂದಿನಲ್ಲಿ ಕೆಂಪು ಚುಕ್ಕಿಗಳಂತೆ ನುಸಿ ಓಡಾಡುತ್ತಿತ್ತು. ಹಗಲು ಅಡಗಿದ್ದು ರಾತ್ರಿ ರಕ್ತ ಹೀರುವ ಜಾತಿ ಅದು. ಬಿದಿರನ್ನು ಬದಲಿಸಿ, ಗೋಡೆಗೆ ಸುಣ್ಣ ಹೊಡೆಸಿ, ಮಣ್ಣಿಗೆ ಬೂದಿ ಬೆರೆಸಿ ಹೊರಳಾಡಲು ಒಂದು ಗುಂಡಿ ಮಾಡಿಕೊಟ್ಟೆವು. ಜಂತುಹುಳುವಿನ ಔಷಧಿಯನ್ನು ವೈದ್ಯರು ಹೇಳಿದ ಅಳತೆಯಲ್ಲಿ ನೀರಿಗೆ ಹಾಕಿದೆ.

ಒಂದು ಹೇಂಟೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಉಳಿದವೆಲ್ಲ ಮೊಟ್ಟೆ ನಿಲ್ಲಿಸಿದ ಮೇಲೂ ಇಡುತ್ತಿದ್ದದ್ದು ಅದೊಂದೇ. ನವೆಂಬರ್ ಕೊನೆಗೆ ಒಂದೇ ವಾರದಲ್ಲಿ ಮೈಯೆಲ್ಲ ಬೋಳಾಗಿ, ಸುಲಿದ ಕೋಳಿಯಂತೆ ಕಾಣತೊಡಗಿತು. ಮಾರಿಬಿಡೋಣವೆಂದು ಬೆಲೆಯನ್ನೂ ಮಾತಾಡಿದ್ದೆ. ವೈದ್ಯರು ತಡೆದು ಅದರ ರೆಕ್ಕೆ ಬಿಡಿಸಿ ತೋರಿಸಿದರು. ರೆಕ್ಕೆಯ ಹೊರ ಅರ್ಧದಲ್ಲಿ ಹತ್ತು ದೊಡ್ಡ ಪುಕ್ಕಗಳು. ಕಡಿಮೆ ಮೊಟ್ಟೆ ಇಡುವ ಕೋಳಿ ಬೇಗ ಶುರುಮಾಡಿ ಒಂದೊಂದನ್ನೇ ಉದುರಿಸುತ್ತ ತಿಂಗಳುಗಟ್ಟಲೆ ಎಳೆಯುತ್ತದೆ. ಚೆನ್ನಾಗಿ ಇಡುವುದು ತಡವಾಗಿ ಶುರುಮಾಡಿ ಮೂರು ನಾಲ್ಕನ್ನು ಒಟ್ಟಿಗೆ ಕೆಡವಿ ಬೇಗ ಮುಗಿಸುತ್ತದೆ. ಗೂಡಿನಲ್ಲೇ ಕುರೂಪವಾಗಿ ಕಂಡದ್ದು ನನ್ನ ಅತ್ಯುತ್ತಮ ಹೇಂಟೆಯಾಗಿತ್ತು! ಇವತ್ತಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಬೆಳಕಿನ ವಿಷಯಕ್ಕೆ ಅವಸರ ಮಾಡಲಿಲ್ಲ. ನಮ್ಮ ಕಡೆ ಬೇಸಿಗೆಯ ಅತಿ ಉದ್ದದ ಹಗಲು ಹದಿಮೂರು ಗಂಟೆಗೆ ಹತ್ತಿರ, ಡಿಸೆಂಬರ್‌ನಲ್ಲಿ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟು. ಮೊಟ್ಟೆಗೆ ಹದಿನಾಲ್ಕು ಗಂಟೆ ಬೆಳಕು ಒಳ್ಳೆಯದು. ಆದರೆ ಪುಕ್ಕ ತುಂಬುವ ಮೊದಲೇ ಬಲ್ಬು ಹಾಕಿ ದಣಿದ ದೇಹವನ್ನು ಎಬ್ಬಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಜನವರಿ ನಡುವಿನಿಂದ ಮುಂಜಾನೆ ಹೊತ್ತು ಚಿಕ್ಕ ಎಲ್‌ಇಡಿ ಬಲ್ಬು ಉರಿಸಿದೆ. ವಾರಕ್ಕೆ ಅರ್ಧ ಗಂಟೆ ಹಿಂದಕ್ಕೆ ಸರಿಸುತ್ತ ನಾಲ್ಕೂವರೆಗೆ ತಂದು ನಿಲ್ಲಿಸಿದೆ. ಸಂಜೆ ಹಾಕಿದರೆ ಬಲ್ಬು ಆರಿದೊಡನೆ ಕೋಳಿಗಳು ಕೂರುವ ಜಾಗ ಕಾಣದೆ ಕತ್ತಲಲ್ಲಿ ಉಳಿದುಬಿಡುತ್ತವೆ.

ಫೆಬ್ರವರಿ ಮೊದಲಲ್ಲಿ ಬಿಳಚಿದ್ದ ಜುಟ್ಟುಗಳು ಕೆಂಪೇರಿದವು. ಮೊಟ್ಟೆ ಬರುವ ದ್ವಾರದ ಕೆಳಗಿನ ಎರಡು ಸಣ್ಣ ಮೂಳೆಗಳ ನಡುವೆ ಬೆರಳಿಟ್ಟು ನೋಡುವುದನ್ನು ಅಷ್ಟರಲ್ಲಿ ಕಲಿತಿದ್ದೆ. ಒಂದೇ ಬೆರಳು ಹಿಡಿಸಿದರೆ ಇನ್ನೂ ವಿಶ್ರಾಂತಿ. ಎರಡು ಮೂರು ಹಿಡಿಸಿ ದ್ವಾರ ಒದ್ದೆಯಾಗಿ ಅಗಲವಾಗಿದ್ದರೆ ಮೊಟ್ಟೆ ಹತ್ತಿರ. ಆಗಲೇ ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲೆಂದು ಕಪ್ಪೆಚಿಪ್ಪಿನ ಚೂರನ್ನು ಬೇರೆ ಬೋಗುಣಿಯಲ್ಲಿಟ್ಟೆ, ಬೇಕಾದದ್ದು ಬೇಕಾದಷ್ಟು ತಿನ್ನಲೆಂದು. ರಥಸಪ್ತಮಿಯ ದಿನ ಮೊದಲ ಮೊಟ್ಟೆ ಸಿಕ್ಕಿತು, ಅದೂ ಆ ಬೋಳು ಹೇಂಟೆಯದು. ಹಿಂದಿನ ವರ್ಷದ್ದಕ್ಕಿಂತ ದಪ್ಪ, ಸಿಪ್ಪೆಯೂ ಗಟ್ಟಿ. ಮಾರ್ಚ್ ನಡುವಿನ ಹೊತ್ತಿಗೆ ದಿನಕ್ಕೆ ಆರೇಳು ಬಂದವು. ಮೊದಲ ವರ್ಷದಷ್ಟು ಬರಲಿಲ್ಲ, ಎರಡನೆಯ ವರ್ಷ ಅಷ್ಟು ಬರುವುದೂ ಇಲ್ಲ.

ನಾಟಿಗಳಲ್ಲಿ ಒಂದು ಮಾತ್ರ ಜುಟ್ಟು ಕೆಂಪಾಗಿ, ಮೂಳೆ ಅಗಲವಾಗಿ, ಮೂರು ಬೆರಳು ಹಿಡಿಸಿದರೂ ಗೂಡಿನಲ್ಲಿ ಮೊಟ್ಟೆ ಇಡಲಿಲ್ಲ. ಒಂದು ಬೆಳಿಗ್ಗೆ ಅದರ ಹಿಂದೆಯೇ ನಡೆದೆ. ತೋಟದ ಮೂಲೆಯ ತೆಂಗಿನ ಮಟ್ಟೆಗಳ ರಾಶಿಯೊಳಗೆ ನುಗ್ಗಿತು. ಒಳಗೆ ಒಂಬತ್ತು ಮೊಟ್ಟೆ! ಆ ರಾಶಿಯನ್ನು ನಾವು ಕದಲಿಸಲಿಲ್ಲ. ಗುರುತಿಗೆ ಒಂದನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ದಿನವೂ ಎತ್ತಿಕೊಂಡು ಬರುತ್ತೇನೆ.