ಗೋಡೆ ಸುಟ್ಟು ಉಣುಗು ಓಡಿಸಿದ ಬಗೆ

ಈ ಬೇಸಿಗೆಯಲ್ಲಿ ನಮ್ಮ ಮೂರು ನಾಯಿಗಳ ಮೈಮೇಲೆ ಹುಡುಕಿದರೂ ಉಣುಗು ಸಿಗುತ್ತಿಲ್ಲ. ಸಾಗರದ ಕಡೆ ತೋಟದ ಮನೆಯಲ್ಲಿ ನಾಯಿ ಸಾಕಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. "ಗೋಡೆಗೆ ಬೆಂಕಿ ಹಿಡಿದರೆ ನಾಯಿ ಮೈಯ ಉಣುಗು ಹೋಗುತ್ತಾ ಮಾರಾಯ?" ಅಂತ ಕೇಳಿದವರೇ ಈಗ ನನ್ನ ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಕೇಳಿಕೊಂಡು ಬರುತ್ತಿದ್ದಾರೆ.

ಮೊದಲು ಸೋತ ಲೆಕ್ಕ ಹೇಳುತ್ತೇನೆ. ಬೇವಿನ ಸೊಪ್ಪಿನ ನೀರಲ್ಲಿ ಸ್ನಾನ ಮಾಡಿಸಿದೆ. ಎರಡು ದಿನಕ್ಕೆ ಕಿವಿ ತುಂಬ ಮತ್ತೆ ಉಣುಗು. ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ. ಅರ್ಧ ನೆಕ್ಕಿ ಹೋಯಿತು, ಅರ್ಧ ಜಗಲಿಗೆ ಮೆತ್ತಿತು. ಸೀಮೆಎಣ್ಣೆ, ತಂಬಾಕು ನೀರು ಅಂದವರೂ ಇದ್ದರು. ಅವೆರಡನ್ನೂ ನಾನು ಹತ್ತಿರ ಬಿಡಲಿಲ್ಲ. ಸೀಮೆಎಣ್ಣೆ ಚರ್ಮ ಸುಡುತ್ತದೆ. ತಂಬಾಕು ನೀರು ನೆಕ್ಕಿದರೆ ನಾಯಿಯ ಜೀವಕ್ಕೇ ಅಪಾಯ. ಕರ್ಪೂರದ ಎಣ್ಣೆಯೂ ಬೇಡ.

ಆಮೇಲೆ ಅಂಗಡಿ ಮದ್ದು. ಬೆನ್ನಿಗೆ ಬಿಡುವ ಹನಿ ನಾಯಿಗೊಂದರಂತೆ ತಿಂಗಳಿಗೆ 300–400 ರೂಪಾಯಿ. ಅದರ ಮೇಲೆ ಶಾಂಪೂ, ಪೌಡರು, ಕೊರಳಪಟ್ಟಿ. ಒಂದು ಬೇಸಿಗೆಗೆ ಹತ್ತಿರ ಹತ್ತಿರ 8 ಸಾವಿರ ಕರಗುತ್ತಿತ್ತು. ಹಳೇ ಉಣುಗು ಸಾಯುತ್ತಿತ್ತು ನಿಜ, ಹೊಸದು ಹತ್ತುತ್ತಲೇ ಇತ್ತು.

ಎಲ್ಲಿಂದ ಬರುತ್ತಿದೆ ಅಂತ ಒಂದು ರಾತ್ರಿ ಬ್ಯಾಟರಿ ಹಿಡಿದು ಕೂತೆ. ನಮ್ಮ ನಾಯಿ ಕೆಂಚ ಮಲಗುವ ಮೂಲೆ ತೂತು ತೂತಾದ ಜಂಬಿಟ್ಟಿಗೆ ಕಲ್ಲಿನ ಗೋಡೆ, ಪ್ಲಾಸ್ಟರ್ ಇಲ್ಲ. ರಕ್ತ ಕುಡಿದು ಊದಿದ ಹೆಣ್ಣು ಉಣುಗು ನೆಲ ಬಿಟ್ಟು ನಿಧಾನಕ್ಕೆ ಗೋಡೆ ಹತ್ತುತ್ತಿತ್ತು. ಹಿಂದೆಯೇ ಇನ್ನೊಂದು. ಕಲ್ಲಿನ ತೂತಿಗೆ ತಂತಿ ಹಾಕಿ ಕೆರೆದರೆ ಗಸಗಸೆ ಅಂಟಿಸಿಟ್ಟ ಹಾಗೆ ಕಂದು ಮೊಟ್ಟೆಗಳ ಗಂಟು. ಒಂದು ಹೆಣ್ಣು 4 ಸಾವಿರದವರೆಗೂ ಮೊಟ್ಟೆ ಇಡುತ್ತದೆ. ಮರಿ, ನಡುವಯಸ್ಸು, ಎರಡು ಹಂತದಲ್ಲೂ ನಾಯಿ ಮೈ ಬಿಟ್ಟು ಇಳಿದು ಮತ್ತೆ ಹತ್ತುತ್ತದೆ, ದೊಡ್ಡ ಹೆಣ್ಣು ಮೊಟ್ಟೆ ಇಡಲು ಇಳಿಯುತ್ತದೆ. ನಾವು ನಾಯಿ ತೊಳೆಯುತ್ತಿದ್ದೆವು, ಉಣುಗಿನ ಊರೆಲ್ಲ ಗೋಡೆಯೊಳಗಿತ್ತು.

ಮೊದಲು ಗೋಣಿಚೀಲ, ಹಳೇ ಕಂಬಳಿ ಎಲ್ಲ ಸುಟ್ಟೆ. ನಾಯಿಗಳನ್ನು ತೋಟದ ಕಡೆ ಕಟ್ಟಿ, ಹುಲ್ಲು, ಸೋಗೆ ದೂರ ಸರಿಸಿ, ಬಕೆಟ್‌ನಲ್ಲಿ ನೀರಿಟ್ಟುಕೊಂಡು ಗ್ಯಾಸ್ ಟಾರ್ಚ್ ಹಿಡಿದೆ. ತೂತಿನೊಳಗೆ ಚಟಚಟ ಅಂತ ಸಿಡಿಯುವ ಸದ್ದು. ನೆಲದ ಮೂಲೆಯಿಂದ ತೊಲೆಯ ಕೆಳಗಿನವರೆಗೂ ಬಿಡಬಾರದು, ಅವು ಮೇಲಕ್ಕೇ ಹೋಗೋದು. ಮರಕ್ಕೆ ಬೆಂಕಿ ಬೇಡ, ಅಲ್ಲಿಗೆ ಕುದಿಯುವ ನೀರು. ಆಮೇಲೆ ಗಾರೆಯವರನ್ನು ಕರೆಸಿ ತೂತು, ಸಂದು ಎಲ್ಲ ಸಿಮೆಂಟಿನಿಂದ ಮುಚ್ಚಿಸಿ ಸುಣ್ಣ ಹೊಡೆದೆ. ಸುಣ್ಣಕ್ಕೆ ಇನ್ನೊಂದು ವಸ್ತು ಬೆರೆಸಿದ್ದೇನೆ. ಅದನ್ನು ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಟಾರ್ಚ್, ಗ್ಯಾಸ್, ಸಿಮೆಂಟು, ಕೂಲಿ ಎಲ್ಲ ಸೇರಿ 3 ಸಾವಿರದ ಆಸುಪಾಸು. ಜೊತೆಗೆ ಅದೇ ವಾರ ಪಶುವೈದ್ಯರು ಮೂರು ನಾಯಿಗಳನ್ನೂ ತೂಕ ಮಾಡಿ ಉಣುಗಿನ ಗುಳಿಗೆ ಕೊಟ್ಟರು. ಅದು ಅಗ್ಗ ಅಲ್ಲ, ಆದರೆ ಗೋಡೆ ಮತ್ತು ನಾಯಿ ಒಟ್ಟಿಗೆ ಆಗಲೇಬೇಕು. ಒಂದನ್ನು ಬಿಟ್ಟರೆ ಇನ್ನೊಂದರ ದುಡ್ಡು ದಂಡ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ನಾಯಿ ಮದ್ದು ತರಲೇಬೇಡಿ, ಬೆಕ್ಕಿಗೆ ಅದು ವಿಷ.

ಒಂದು ಸಲ ಸುಟ್ಟು ಕೂತರೆ ಆಗಲ್ಲ. ಉಳಿದ ಮೊಟ್ಟೆ ಒಡೆಯುತ್ತದೆ. ಮೂರು ವಾರಕ್ಕೊಮ್ಮೆ ಅಂತ ಮಳೆ ಹಿಡಿಯುವ ತನಕ ಸುಟ್ಟೆ. ನಾಯಿಗೆ ಈಗ ಪ್ಲಾಸ್ಟಿಕ್ ಪಟ್ಟಿಯ ಮಂಚ, ಆ ಮಂಚಕ್ಕೆ ವಾರಕ್ಕೊಮ್ಮೆ ಬಿಸಿನೀರು ಸುರಿಯುತ್ತೇನೆ.

ನಡುವೆ ಕೋಳಿಯನ್ನೂ ನೋಡಿದೆ. ಎರಡು ನಾಟಿ ಹೇಂಟೆಗಳನ್ನು ಅಂಗಳಕ್ಕೆ ಬಿಟ್ಟರೆ ಬಿದ್ದ ಉಣುಗನ್ನು ಕುಕ್ಕಿ ತಿನ್ನುತ್ತವೆ. ಕೆಂಚ ಮಲಗಿದ್ದಾಗ ಹೊಟ್ಟೆ ಮೇಲಿನದನ್ನೂ ಹೆಕ್ಕುತ್ತಿದ್ದವು, ಅವನು ಸುಮ್ನೆ ಬಿದ್ದುಕೊಂಡಿರುತ್ತಿದ್ದ. ಸಹಾಯ ಆಗುತ್ತದೆ, ಆದರೆ ಗೋಡೆಯ ತೂತಿಗೆ ಕೋಳಿ ಕೊಕ್ಕು ಹೋಗಲ್ಲ.

ಕೈಯಲ್ಲಿ ಕೀಳುವುದಾದರೆ ಕೈಗವಸು ಹಾಕಿ. ಇವು ಕಾಡಿನ ಉಣುಗಲ್ಲ. 1957ರಲ್ಲಿ ನಮ್ಮ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ ಹರಡುವುದು ಬೇರೆ ಜಾತಿ. ಆದರೆ ಕಾಡಂಚು ಸುತ್ತಿ ಬಂದ ನಾಯಿ ಅದನ್ನೂ ತರಬಹುದು ಅಲ್ವಾ? ಚಿಮುಟದಲ್ಲಿ ಚರ್ಮದ ಬುಡಕ್ಕೇ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಹಿಸುಕಬೇಡಿ, ಸ್ಪಿರಿಟ್‌ಗೆ ಹಾಕಿ.

ನಾಯಿ ಊಟ ಬಿಟ್ಟರೆ, ವಸಡು ಬಿಳಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ ಮನೆಮದ್ದು ಅಲ್ಲಿಗೇ ಸಾಕು. ಅದು ಉಣುಗು ಜ್ವರ ಇರಬಹುದು, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಥರ್ಮಾಮೀಟರ್ 103 ಡಿಗ್ರಿ ದಾಟಿತು ಅಂತ ಮನುಷ್ಯರ ಪ್ಯಾರಾಸಿಟಮಾಲ್ ಮುರಿದು ಹಾಕಬೇಡಿ. ನಾಯಿಯ ಮಾಮೂಲಿ ಬಿಸಿಯೇ 101ರಿಂದ 102.5, ನಮ್ಮ ಲೆಕ್ಕ ಅದಕ್ಕೆ ನಡೆಯಲ್ಲ.

ಗೋಡೆ ಕೆಲಸಕ್ಕೆ ಫೆಬ್ರವರಿಯೇ ಸರಿ. ಅಡಿಕೆ ಕೊಯ್ಲು ಮುಗಿದಿರುತ್ತದೆ, ಗಾರೆಯವರೂ ಸಿಗುತ್ತಾರೆ. ಬೇಸಿಗೆ ಏರಿ ಉಣುಗು ಹೆಚ್ಚಿದ ಮೇಲೆ ಶುರು ಮಾಡಿದರೆ ಎರಡರಷ್ಟು ಗ್ಯಾಸ್ ಬೇಕು.