ಚಕ್ರತಾಳ, ಲೆವೆಲ್ ಪೈಪ್ ಮತ್ತು ಐದು ಇಯರ್‌ಫೋನ್: ನನ್ನ ಅನುಭವ

ಐದು ಇಯರ್‌ಫೋನ್‌ಗಳ ಹೋಲಿಕೆಯಲ್ಲಿ ಹಸಿರು ನೂಲು ಕಟ್ಟಿದ್ದೇ ಗೆದ್ದಿತು. ಐದು ಸುತ್ತಿನಲ್ಲಿ ನಾಲ್ಕು ಸಲ. ಗೆಲ್ಲಿಸಿದ್ದು ನನ್ನ ಭಾವ. ನಾನು ಪೈಪಿನ ತುಂಡಿಗೆ ಮೈಕ್ ಸಿಕ್ಕಿಸಿ ಇಯರ್‌ಫೋನ್ ಅಳೆಯುವುದನ್ನು ನೋಡಿ "ಕಿವಿ ಇರುವಾಗ ಪೈಪ್ ಯಾಕೆ ಮಾರಾಯ?" ಎಂದು ಎರಡು ವರ್ಷ ಕೇಳುತ್ತಾ ಬಂದವರು ಅವರೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವನು. ಹೋಗಿ ಬಂದು ಸೇರಿ ಸುಮಾರು ಎರಡು ಗಂಟೆ ಕಿವಿಯಲ್ಲಿ ಹಾಡು ಇರುತ್ತದೆ. ಜಾಸ್ತಿ ಕೇಳುವುದು ತೆಂಕುತಿಟ್ಟು ಯಕ್ಷಗಾನದ ಪದ್ಯಗಳು. ಆಮೇಲೆ ಹಳೆಯ ಸಿನಿಮಾ ಹಾಡು, ಸ್ವಲ್ಪ ಕರ್ನಾಟಕ ಸಂಗೀತ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಬೆಳೆದವರಿಗೆ ಚೆಂಡೆಯ ಪೆಟ್ಟು ಹೇಗೆ ಕೇಳಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಇಯರ್‌ಫೋನ್ ತಗೊಳ್ಳುವಾಗ ನನಗೆ ತೊಂದರೆ ಆದದ್ದೂ ಅದರಿಂದಲೇ. ಒಂದರಲ್ಲಿ ಚೆಂಡೆ ತಗಡಿನ ಡಬ್ಬ ಬಡಿದ ಹಾಗೆ. ಇನ್ನೊಂದರಲ್ಲಿ ಮದ್ದಳೆ ಊದಿಕೊಂಡು ಪದ್ಯ ಹಾಡುವ ಭಾಗವತರ ಸ್ವರವನ್ನೇ ಮುಚ್ಚುತ್ತದೆ. ಮತ್ತೊಂದರಲ್ಲಿ ಎಲ್ಲ ಸರಿ ಎನ್ನುವಾಗ ಚಕ್ರತಾಳ, ಅಂದರೆ ಲೋಹದ ಜೋಡಿ ತಾಳ, ಬಂದು ಸೂಜಿ ಚುಚ್ಚಿದ ಹಾಗೆ ಆಗುತ್ತದೆ.

ಮೂರು ವರ್ಷದಲ್ಲಿ ಹನ್ನೊಂದೋ ಹನ್ನೆರಡೋ ಜೋಡಿ ತಂದೆ. ಲೆಕ್ಕ ಬರೆದಿಟ್ಟಿಲ್ಲ, ಆದರೆ 16,000 ರೂಪಾಯಿಗೆ ಕಡಿಮೆ ಇಲ್ಲ. ಅದರಲ್ಲಿ 2,800 ಕೊಟ್ಟು ತಂದದ್ದು ನಾಲ್ಕನೇ ತಿಂಗಳಿಗೆ, ಆಟಿ ತಿಂಗಳ ಮಳೆಯಲ್ಲಿ, ಎಡಗಡೆ ಸತ್ತುಹೋಯಿತು. ಕೊಟ್ಟವರು "ಒಳಗೆ ನೀರು ಹೋಗಿದೆ" ಎಂದು ವಾಪಸ್ ತಗೊಳ್ಳಲಿಲ್ಲ. ನೀರು ಹೋಗಿರಲಿಲ್ಲ, ಬೆವರಿನ ಪಸೆ ಅಷ್ಟೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿ ಎರಡು ದಿನ ಮುಚ್ಚಿಟ್ಟೆ. ಜೀವ ಬಂತು, ಆದರೆ ಅರ್ಧ ಶಬ್ದ ಮಾತ್ರ. ಅಂದಿನಿಂದ ವೈರ್ ಬಿಚ್ಚಲು ಬರುವ ಮಾದರಿಯನ್ನೇ ನೋಡುತ್ತೇನೆ. ನಮ್ಮ ಕರಾವಳಿಯಲ್ಲಿ ವೈರ್ ಮೊದಲು ಹೋಗುತ್ತದೆ. ಮೂನ್‌ಡ್ರಾಪ್ ಚು ಎಂಬ ಇಯರ್‌ಫೋನ್ ಮೊದಲು ಬಂದಾಗ ವೈರ್ ಬಿಚ್ಚಲು ಆಗುತ್ತಿರಲಿಲ್ಲ. ಚು 2ರಲ್ಲಿ 0.78 ಮಿ.ಮೀ. ಎರಡು ಪಿನ್ನಿನ ವೈರ್ ಬಂತು. ನನಗೆ ಅದೇ ದೊಡ್ಡ ಉಪಕಾರ.

ಇಷ್ಟು ದುಡ್ಡು ಹೋದ ಮೇಲೆ ಒಂದು ವಿಷಯ ತಲೆಗೆ ಹೊಳೆಯಿತು. ಪ್ರತಿ ಸಲ ನನಗೆ ಇಷ್ಟವಾಗಿದ್ದು ಜೋರಾಗಿ ಕೇಳುವ ಜೋಡಿ. ಶಬ್ದದ ಮಟ್ಟ ಒಂದು ಡೆಸಿಬೆಲ್ ಜಾಸ್ತಿ ಇದ್ದರೆ ಸಾಕು, ಕಿವಿ ಅದನ್ನು "ಜೋರು" ಎಂದು ಹೇಳುವುದಿಲ್ಲ, "ಚೆನ್ನಾಗಿದೆ" ಎಂದು ಹೇಳುತ್ತದೆ. ಹಾಗಾದರೆ ಮೊದಲು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬೇಕು. ಆಮೇಲೆ ಹೋಲಿಕೆ.

ಮನೆ ಕಟ್ಟುವಾಗ ಮೇಸ್ತ್ರಿ ಬಿಟ್ಟುಹೋದ ಲೆವೆಲ್ ಪೈಪ್, ಅಂದರೆ ನೀರು ತುಂಬಿ ಮಟ್ಟ ನೋಡುವ ಪ್ಲಾಸ್ಟಿಕ್ ಕೊಳವೆ, ಇತ್ತು. ಕಿವಿಯ ತೂತಿನ ಉದ್ದಕ್ಕೆ, ಅಂದರೆ ಸುಮಾರು ಎರಡೂವರೆ ಸೆಂಟಿಮೀಟರ್ ಕತ್ತರಿಸಿದೆ. ಒಂದು ಕಡೆ ಕಾಲರ್ ಮೈಕ್, ಇನ್ನೊಂದು ಕಡೆ ಇಯರ್‌ಫೋನ್. ಮೈಕ್ 250 ರೂಪಾಯಿ, ಪೈಪ್ ಪುಕ್ಕಟೆ. ಮೈಕ್ ಮತ್ತು ಪೈಪಿನ ನಡುವೆ ಒಂದು ವಸ್ತು ಇಡುತ್ತೇನೆ. ಅದು ಏನೆಂದು ಸದ್ಯಕ್ಕೆ ಹೇಳುವುದಿಲ್ಲ. ಹುಡುಕಲು ನನಗೆ ಎಂಟು ತಿಂಗಳು ಹಿಡಿದಿದೆ.

ಮೊದಲ ಎರಡು ವಾರ ಪೂರ್ತಿ ಹಾಳು. ಯಾವ ಇಯರ್‌ಫೋನ್ ಹಾಕಿದರೂ ಫೋನಿನಲ್ಲಿ ಶಬ್ದದ ಮಟ್ಟಕ್ಕೆ ಒಂದೇ ಅಂಕೆ. ಶಬ್ದ ಕಡಿಮೆ ಮಾಡಿದರೂ ಅಂಕೆ ಇಳಿಯುವುದಿಲ್ಲ. ಮೈಕ್ ಕೆಟ್ಟಿದೆ ಎಂದು ಇನ್ನೊಂದು ತಂದೆ, ಅದೂ ಹಾಗೆಯೇ. ಕೊನೆಗೆ ಗೊತ್ತಾಯಿತು: ಫೋನೇ ಸಣ್ಣ ಶಬ್ದವನ್ನು ದೊಡ್ಡದು ಮಾಡಿ, ದೊಡ್ಡದನ್ನು ತಗ್ಗಿಸಿ ಕೊಡುತ್ತಿತ್ತು. ಕರೆ ಮಾಡುವಾಗ ಅದು ಬೇಕು, ಅಳೆಯುವಾಗ ಬೇಡ. ಆ ಕೆಲಸ ನಿಲ್ಲಿಸಲು ಬಿಡುವ ರೆಕಾರ್ಡಿಂಗ್ ಆಪ್ ಹಾಕಿದ ದಿನವೇ ಅಂಕೆಗಳು ಬೇರೆ ಬೇರೆಯಾದವು.

ಎರಡನೇ ತಪ್ಪು 1 ಕಿಲೋಹರ್ಟ್ಸ್‌ನ ಒಂದೇ ಸ್ವರ ಇಟ್ಟು ಮಟ್ಟ ಹೊಂದಿಸಿದ್ದು. ಆ ಸ್ವರದ ಜಾಗದಲ್ಲೇ ಶಬ್ದ ತಗ್ಗಿದ್ದ ಒಂದು ಜೋಡಿಗೆ ಸುಮ್ನೆ ಮೂರು ಡೆಸಿಬೆಲ್ ಜಾಸ್ತಿ ಸಿಕ್ಕಿತು, ಹೋಲಿಕೆಯಲ್ಲಿ ಅದೇ ಗೆದ್ದಿತು. ಅದನ್ನು ನಂಬಿ ಕಚೇರಿಯ ಗೆಳೆಯರೊಬ್ಬರಿಗೆ ತರಿಸಿಕೊಟ್ಟೆ. ಅವರು ಒಂದು ವಾರಕ್ಕೆ ತಲೆನೋವು ಎಂದು ತಂದುಕೊಟ್ಟರು. ಆ 1,400 ರೂಪಾಯಿ ನನ್ನ ಕೈಯಿಂದಲೇ ಹೋಯಿತು. ಈಗ ಪಿಂಕ್ ನಾಯ್ಸ್ ಮಾತ್ರ, ಅಂದರೆ ತಗ್ಗಿನಿಂದ ಏರಿನವರೆಗೆ ಎಲ್ಲ ಸ್ವರ ಸೇರಿದ ಮೊರೆತ. ಫೋನಿನ ವಾಲ್ಯೂಮ್ ಮೆಟ್ಟಿಲು ದೊಡ್ಡದು. ಹಾಗಾಗಿ ಪ್ಲೇಯರ್ ಆಪ್‌ನ ಒಳಗಿನ ಗೇನ್ (ಶಬ್ದವನ್ನು ಸಣ್ಣ ಸಣ್ಣದಾಗಿ ಏರಿಸಿ ಇಳಿಸುವ ಸೌಲಭ್ಯ) ಬಳಸಿ ಅರ್ಧ ಡೆಸಿಬೆಲ್ ಒಳಗೆ ತರುತ್ತೇನೆ.

ಮೂರನೆಯದು ಇಯರ್‌ಫೋನಿನ ತುದಿಯಲ್ಲಿ ಕಿವಿಗೆ ಕೂರುವ ರಬ್ಬರ್. ಒಂದೇ ಇಯರ್‌ಫೋನನ್ನು ಮೂರು ಸಲ ಪೈಪಿಗೆ ಸಿಕ್ಕಿಸಿದರೆ ಬೇಸ್ ಮೂರು ಥರ ಬರುತ್ತಿತ್ತು. ಗಾಳಿ ಸೋರಿದರೆ ಬೇಸ್ ಹೋಯಿತು ಎಂದೇ ಲೆಕ್ಕ. ಪೈಪನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಎಷ್ಟು ಒಳಗೆ ಹೋಗಬೇಕೆಂದು ಮಾರ್ಕರ್‌ನಲ್ಲಿ ಗೆರೆ ಎಳೆದೆ. ಎಲ್ಲದಕ್ಕೂ ಒಂದೇ ಜಾತಿಯ ರಬ್ಬರ್ ಹಾಕಿದೆ. ಈ ಒಂದು ಬದಲಾವಣೆಯಲ್ಲೇ ಎರಡು ಜೋಡಿಗಳು "ಕೆಟ್ಟದ್ದು" ಪಟ್ಟಿಯಿಂದ "ಪರವಾಗಿಲ್ಲ" ಪಟ್ಟಿಗೆ ಬಂದವು.

ರಬ್ಬರ್ ಎಂದಾಗ ಇನ್ನೊಂದು ಪ್ರಯೋಗ ನೆನಪಾಗುತ್ತದೆ. ಮನೆಯ ಗುಡ್ಡದಲ್ಲಿ ನೂರಿಪ್ಪತ್ತು ರಬ್ಬರ್ ಮರ ಇವೆ. ಹಾಲು ನಮ್ಮದೇ ಇರುವಾಗ ಆ ತುದಿಯ ರಬ್ಬರಿಗೆ 400 ರೂಪಾಯಿ ಯಾಕೆ ಕೊಡಬೇಕು? ಪೆನ್ನಿನ ಮುಚ್ಚಳವನ್ನು ಹಾಲಿನಲ್ಲಿ ಅದ್ದಿ ಒಣಗಿಸಿದೆ, ಮತ್ತೆ ಅದ್ದಿದೆ. ಆರು ಪದರ. ನೋಡಲು ಚೆನ್ನಾಗಿಯೇ ಬಂತು, ಕಿವಿಗೂ ಗಟ್ಟಿ ಕೂತಿತು. ಆದರೆ ಗಂಧಕ ಹಾಕಿ ಬೇಯಿಸದ ರಬ್ಬರ್ ಸೆಖೆಗೆ ಅಂಟಾಗುತ್ತದೆ. ಹತ್ತೇ ದಿನದಲ್ಲಿ ಕಿವಿಗೆ ಮೆತ್ತಿಕೊಳ್ಳಲು ಶುರುವಾಯಿತು, ವಾಸನೆ ಬೇರೆ. ಬಿಟ್ಟುಬಿಟ್ಟೆ. ಇಯರ್‌ಫೋನಿನ ಮುಂಭಾಗದ ಸಣ್ಣ ಗಾಳಿತೂತಿಗೆ ಮೈಕ್ರೋಪೋರ್ ಟೇಪ್ (ಗಾಯಕ್ಕೆ ಹಾಕುವ ಕಾಗದದ ಟೇಪ್) ಅಂಟಿಸಿ ಬೇಸ್ ಏರಿಸುವ ಉಪಾಯವೂ ಇದೆ. ಅದು ಕೆಲಸ ಮಾಡುತ್ತದೆ. ಪೂರ್ತಿ ಮುಚ್ಚಬೇಡಿ, ಕಿವಿ ಒತ್ತುತ್ತದೆ. ಟೇಪಿನಲ್ಲಿ ಸೂಜಿಯ ತೂತು ಎಲ್ಲಿ ಹಾಕಬೇಕು ಎಂಬುದು ನಾನು ಕಲಿತ ಇನ್ನೊಂದು ಗುಟ್ಟು, ಅದೂ ನನ್ನಲ್ಲೇ ಇರಲಿ.

ಹೊರಗಿನ ಶಬ್ದ ಎಷ್ಟು ತಡೆಯುತ್ತದೆ ಎಂದು ನೋಡಲು ನೇತ್ರಾವತಿ ಸೇತುವೆಗಿಂತ ಒಳ್ಳೆಯ ಜಾಗ ಇಲ್ಲ. ಉಳ್ಳಾಲ ದಾಟಿ ರೈಲು ಸೇತುವೆಗೆ ಏರಿದ ಕೂಡಲೇ ಧಡಧಡ ಶುರು. ಆಗಲೂ ವಾಲ್ಯೂಮ್ ಏರಿಸದೆ ಭಾಗವತರ ಸಾಹಿತ್ಯ ತಿಳಿದರೆ ಆ ಜೋಡಿ ಪಾಸ್. ಐದರಲ್ಲಿ ಮೂರು ಪಾಸಾದವು.

ಇನ್ನು ಭಾವನ ಪರೀಕ್ಷೆ. ಅವರ ಹತ್ತಿರ 6,500 ರೂಪಾಯಿಯ ವೈರ್ ಇಯರ್‌ಫೋನ್ ಇದೆ, ಅದಕ್ಕೆ ಕೆಂಪು ನೂಲು ಕಟ್ಟಿದೆ. ನನ್ನವು ನಾಲ್ಕು: ಹಸಿರು, ನೀಲಿ, ಹಳದಿ, ಬಿಳಿ. ಎಲ್ಲದರ ಹೆಸರಿನ ಮೇಲೂ ಕಪ್ಪು ಇನ್ಸುಲೇಷನ್ ಟೇಪ್. ಕಳೆದ ದೀಪಾವಳಿಯ ರಜೆಯಲ್ಲಿ ಅಕ್ಕನ ಮನೆಯ ಜಗಲಿಯಲ್ಲಿ ಕೂತೆವು. ಅಕ್ಕನ ಮಗಳು ಚೀಟಿ ಎತ್ತಿ, ಬಂದ ಬಣ್ಣದ್ದನ್ನು ಅಪ್ಪನ ಕಿವಿಗೆ ತಾನೇ ಸಿಕ್ಕಿಸಿದಳು. ಭಾವ ಕಣ್ಣು ಮುಚ್ಚಿ ಕೂರಬೇಕು, ಕೈಯಲ್ಲಿ ಮುಟ್ಟುವ ಹಾಗಿಲ್ಲ. ನಾನು ಅಂಗಳದಲ್ಲಿ ನಿಂತಿದ್ದೆ, ಯಾವುದು ಹೋಗುತ್ತಿದೆ ಎಂದು ನನಗೂ ಗೊತ್ತಿರಲಿಲ್ಲ. ಕೇಳಿಸಿದ್ದು ನಾನೇ ಮನೆಯಲ್ಲಿ ರೆಕಾರ್ಡ್ ಮಾಡಿದ ಚೆಂಡೆ, ಮದ್ದಳೆ, ಚಕ್ರತಾಳ. ಎಂಟು ಸೆಕೆಂಡಿನ ತುಂಡು, ಮತ್ತೆ ಮತ್ತೆ. ಉದ್ದ ಕೇಳಿಸಿದರೆ ಹಿಂದಿನದ್ದು ಮರೆತುಹೋಗುತ್ತದೆ.

ಮೊದಲ ಸುತ್ತು ಹಸಿರು. ಎರಡನೆಯದೂ ಹಸಿರು. ಮೂರನೆಯದರಲ್ಲಿ ನೀಲಿ ಬಂತು. ಮತ್ತೆರಡೂ ಹಸಿರು. ಕೆಂಪಿಗೆ ಅವರು ಎರಡು ಸಲ ಕೊನೆಯ ಜಾಗ ಕೊಟ್ಟರು. "ತಾಳ ಚುಚ್ಚುತ್ತದೆ" ಎಂದರು, ಅದು ತಮ್ಮದೇ ಎಂದು ಗೊತ್ತಿಲ್ಲದೆ.

ಹಸಿರು ನೂಲಿನದ್ದು 7ಹರ್ಟ್ಸ್ ಕಂಪನಿಯ ಸಾಲ್ನೋಟ್ಸ್ ಝೀರೋ. 2022ರಲ್ಲಿ ಬಂದದ್ದು, ಒಳಗೆ ಶಬ್ದ ಹೊರಡಿಸುವ ಡ್ರೈವರ್ ಒಂದೇ, 10 ಮಿ.ಮೀ.ನದ್ದು. ನಾನು ಕೊಟ್ಟದ್ದು 1,800ರ ಆಸುಪಾಸು. ಚೆಂಡೆಯ ಪೆಟ್ಟು ಚರ್ಮದ ಪೆಟ್ಟಾಗಿಯೇ ಕೇಳುತ್ತದೆ, ತಾಳ ಹೊಳೆಯುತ್ತದೆ, ಕುಟುಕುವುದಿಲ್ಲ. ನೀಲಿ ಎಂದರೆ ಚು 2. ಹಳೆಯ ಸಿನಿಮಾ ಹಾಡಿನ ಹೆಣ್ಣುಸ್ವರಕ್ಕೆ ನಾನು ಈಗಲೂ ಅದನ್ನೇ ಹಾಕುತ್ತೇನೆ. ಪೈಪಿನ ಅಂಕೆ ನೋಡಿ ಪರೀಕ್ಷೆಗೆ ಒಂದು ತಿಂಗಳು ಮೊದಲೇ ಹಸಿರು ಮೊದಲು, ನೀಲಿ ಎರಡನೆಯದು ಎಂದು ಬರೆದು ಅಕ್ಕನ ಕೈಗೆ ಚೀಟಿ ಕೊಟ್ಟಿದ್ದೆ. ಅವಳು ಅದನ್ನು ಎಲ್ಲರ ಎದುರು ತೆಗೆದು ಓದಿದಳು.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೆಂಪು ನೂಲು ಬಿಚ್ಚಿ ತಮ್ಮದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದಕ್ಕೂ ಆ ರಬ್ಬರ್ ಹಾಕಿ ನೋಡಬಹುದಾ ಭಾವ?" ಎಂದು ಕೇಳಿದರು. ಅವರ ಎಡಗಿವಿಗೆ ಸಣ್ಣದು, ಬಲಗಿವಿಗೆ ನಡುವಿನದು ಬೇಕಾಯಿತು. ನನ್ನ ಡಬ್ಬದಿಂದ ಎರಡೂ ತೆಗೆದುಕೊಟ್ಟೆ.